ಎಡಗಣ್ಣಿನ ಗಾಜು ಬಲಗಣ್ಣಿಗೆ

"ಈಗಿರೋ ಕೆಲಸ ಯಾಕೆ ಬಿಡ್ತಿದೀರಿ?" ಎಂದು ಕೇಳಿದೆ.

"ಗೊತ್ತಿಲ್ಲ," ಎಂದಳು.

"ಹಾಗಂದ್ರೆ ಎದ್ದು ಹೋಗಿ ಅಂತಾರೆ."

ನಾವಿಬ್ಬರೂ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇವೆ. ಮುಂದೆ ಕೂತು ನಾನು ಕಣ್ಣು ಪರೀಕ್ಷೆ ಮಾಡುತ್ತೇನೆ, ಒಳಗಿನ ಮೇಜಿನಲ್ಲಿ ಅವಳು ಫ್ರೇಮಿಗೆ ಗಾಜು ಕೂರಿಸುತ್ತಾಳೆ. ದೊಡ್ಡ ಕಣ್ಣಾಸ್ಪತ್ರೆಯೊಂದರಿಂದ ಅವಳಿಗೆ ಇಂಟರ್‌ವ್ಯೂ ಬಂದಿತ್ತು. ಊಟದ ಬಿಡುವಿನಲ್ಲಿ ನಾನೇ ಸಾಹೇಬನಾಗಿ ಪ್ರಶ್ನೆ ಕೇಳುತ್ತಿದ್ದೆ. ಪಾಸಾಗಲಿ ಎನ್ನುತ್ತಿದ್ದದ್ದು ಬಾಯಿ ಮಾತ್ರ. ಅವಳಿಲ್ಲದ ಅಂಗಡಿ ನನಗೆ ಬೇಕಿರಲಿಲ್ಲ.

"ಇಲ್ಲೇ ಹೀಗೆ ತೊದಲ್ತೀನಿ, ಅಲ್ಲಿ ಏನು ಮಾಡ್ಲಿ?" ಎಂದಳು.

ಸಾಸಿವೆಯಷ್ಟು ಸ್ಕ್ರೂ ತಿರುಗಿಸುವಾಗ ಇಲ್ಲದ ಭಯ ಅದು. "ಮೊದಲು ಉಸಿರು ಪೂರ್ತಿ ಬಿಡಿ," ಎಂದೆ. "ಆಮೇಲೆ ಬಾಯಿ ಬಿಡಿ. ಸರಿ, ಕೆಲಸದಲ್ಲಿ ಮಾಡಿದ ಒಂದು ತಪ್ಪು ಹೇಳಿ."

ಅವಳ ಕಿವಿ ಕೆಂಪಾಯಿತು. "ಅದೊಂದು ಬೇಡ."

"ಅದನ್ನೇ ಕೇಳ್ತಾರೆ. ತಪ್ಪೇ ಮಾಡಿಲ್ಲ ಅಂದ್ರೆ ಯಾರೂ ನಂಬಲ್ಲ. ತಪ್ಪು ಹೇಳಿ, ಸರಿ ಮಾಡ್ಕೊಂಡಿದ್ದು ಹೇಳಿ, ಮುಗೀತು."

"ಮೇಷ್ಟ್ರು ಭಾರೀ ಸ್ಟ್ರಿಕ್ಟು," ಎಂದು ಓರೆಗಣ್ಣಲ್ಲಿ ನೋಡಿ ಊಟದ ಡಬ್ಬಿ ಮುಚ್ಚಿದಳು.

ಇಂಟರ್‌ವ್ಯೂ ದಿನ ಒಬ್ಬ ಅಜ್ಜನ ಒಂದೇ ಕಣ್ಣನ್ನು ಎರಡು ಸಲ ಪರೀಕ್ಷಿಸಿದೆ. "ನನ್ನ ಕಣ್ಣು ಇಲ್ಲಿದೆಯಪ್ಪ, ನಿಂದು ಬಾಗಿಲಲ್ಲಿದೆ," ಎಂದರು ಅಜ್ಜ.

ಸಂಜೆ ಅವಳು ಬಂದಳು.

"ತಪ್ಪಿನ ಪ್ರಶ್ನೆ ಕೇಳಿದ್ರಾ?" ಎಂದೆ.

"ಕೇಳಿದ್ರು. ಉಸಿರು ಬಿಟ್ಟೆ. ಒಬ್ಬರ ಎಡಗಣ್ಣಿನ ಗಾಜನ್ನ ಬಲಗಣ್ಣಿಗೆ ಕೂರಿಸಿದ್ದೆ ಅಂದೆ."

ಆ ಕನ್ನಡಕ ನನಗೂ ನೆನಪಿತ್ತು. ಅಂಗಡಿ ಯಜಮಾನರು ಆ ದಿನವಿಡೀ ಕೂಗಾಡಿದ್ದರು.

"ಯಾಕಾಯ್ತು ಅಂದ್ರು. ಕಣ್ಣು ಪರೀಕ್ಷೆ ಮಾಡೋರು ಯಾವುದೋ ಮಗೂನ ನಗಿಸ್ತಿದ್ರು, ನಾನು ಅವರನ್ನೇ ನೋಡ್ತಾ ಕೂತಿದ್ದೆ ಅಂದೆ."

ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು ನಾನೊಬ್ಬನೇ.

"ಮತ್ತೆ ಹಾಗಾಗದ ಹಾಗೆ ಏನು ಮಾಡಿದ್ರಿ ಅಂದ್ರು. ಅದಕ್ಕೇ ಇಲ್ಲಿಗೆ ಅರ್ಜಿ ಹಾಕ್ದೆ ಅಂದೆ. ಎಲ್ಲರೂ ನಕ್ಕುಬಿಟ್ರು. ಮುಂದಿನ ತಿಂಗಳು ಬಂದು ಸೇರ್ಕೊಳ್ಳಿ ಅಂದ್ರು."

ನನಗೆ ನಿಜಕ್ಕೂ ಸಂತೋಷವಾಯಿತು. ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ.

"ಈಗ ನಿಮ್ಮ ಸರದಿ," ಎಂದಳು. "ಮೊದಲು ಉಸಿರು ಬಿಡಿ."

ಬಿಟ್ಟೆ. "ನೀವಂದ್ರೆ ನಂಗೆ ತುಂಬ ಇಷ್ಟ. ಫೇಲಾಗ್ಲಿ ಅಂತ ಒಳಗೊಳಗೇ ಬೇಡ್ಕೊಂಡಿದ್ದೆ."

"ಇದು ನಿಮ್ಮ ತಪ್ಪು. ಸರಿ ಹೇಗೆ ಮಾಡ್ಕೊಳ್ತೀರಿ?"

"ದಿನಾ ಸಂಜೆ ಆಸ್ಪತ್ರೆ ಗೇಟಿಗೆ ಬಂದು, ಮನೆ ತನಕ ಬಿಟ್ಟು ಬರ್ತೀನಿ."

ದೊಡ್ಡ ಸಾಹೇಬರಂತೆ ಗದ್ದಕ್ಕೆ ಕೈ ಇಟ್ಟು ಯೋಚಿಸಿದಳು.

"ಮುಂದಿನ ತಿಂಗಳ ತನಕ ಯಾಕೆ ಕಾಯೋದು? ಇವತ್ತಿಂದಾನೇ ಸೇರ್ಕೊಳ್ಳಿ," ಎಂದು ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು.