ಸಿಡಿಲಿಗೆ ಮೂರು ವಾರ ಮೌನ

ತಪ್ಪು ಅವಳದೇ. ಕ್ಲಿನಿಕ್ಕಿನ ಚೀಟಿಯಲ್ಲಿ 'ಗಾಯಕ' ಎಂದು ಬರೆದಿತ್ತು. ಎದುರಿಗೆ ಕೂತವನು ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟು, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ಮುದುಡಿಕೊಂಡಿದ್ದ. ಮಾತೆಲ್ಲ ಪಕ್ಕದಲ್ಲಿದ್ದ ಅವನ ಅಮ್ಮನದು.

"ಎರಡು ತಿಂಗಳಾಯ್ತು ಮೇಡಂ, ಗಂಟಲು ಒಡೆದ ತಮಟೆ ಆಗಿದೆ. ಬಿಸಿನೀರು, ಜೇನುತುಪ್ಪ ಎಲ್ಲ ಆಯ್ತು."

ಯಾರೋ ಮೆಲುದನಿಯ ಹಾಡುಗಾರ ಇರಬೇಕೆಂದುಕೊಂಡು ಅವಳು, "ಸ್ಟೇಜ್ ಮೇಲೆ ಹೇಗೆ ಹಾಡ್ತೀರೋ ಹಾಗೇ ಒಂದು ಸಾಲು ಹಾಡಿ ನೋಡೋಣ" ಎಂದಳು.

ಅವನು ಅಮ್ಮನ ಮುಖ ನೋಡಿದ. ಅಮ್ಮ ಎರಡೂ ಕಿವಿ ಮುಚ್ಚಿಕೊಂಡರು.

ಮರುಕ್ಷಣ ಆ ತಿಳಿನೀಲಿ ಅಂಗಿಯೊಳಗಿಂದ ಹೊರಟ ಸದ್ದಿಗೆ ಅವಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಹೊರಗಿನ ಬೆಂಚಿನ ಮೇಲೆ ಕೂತಿದ್ದ, ಪಾರ್ಶ್ವವಾಯು ಹೊಡೆದು ಮೂರು ತಿಂಗಳಿಂದ ಒಂದಕ್ಷರವೂ ಆಡದ ನಿವೃತ್ತ ಹೆಡ್ ಮೇಷ್ಟ್ರು, ಸ್ಪಷ್ಟವಾಗಿ, "ಯಾರೋ ಅದು!" ಎಂದು ಗದರಿದರು.

ಮೇಷ್ಟ್ರ ಹೆಂಡತಿ ಅಳುತ್ತ ಒಳಗೆ ಓಡಿಬಂದು ಅವನ ತಲೆ ಸವರಿದರು. ಅವನು ಕಿವಿಯವರೆಗೂ ಕೆಂಪಾದ. ಇಷ್ಟು ದೊಡ್ಡ ಸದ್ದು ಮಾಡಿ ಇಷ್ಟು ನಾಚಿಕೊಳ್ಳುವ ಗಂಡಸನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಗಂಟಲಿಗೆ ಕ್ಯಾಮೆರಾ ಹಾಕಿ ನೋಡಿದಾಗ ಧ್ವನಿತಂತುಗಳ ಎರಡೂ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗಂಟುಗಳಿದ್ದವು. ಸ್ಪೀಚ್ ಥೆರಪಿಸ್ಟ್ ಆಗಿ ಒಂಬತ್ತು ವರ್ಷಗಳಲ್ಲಿ ಅಂಥ ಗಂಟು ಅವಳು ಬೇಕಾದಷ್ಟು ನೋಡಿದ್ದಳು, ಬಹುಪಾಲು ಟೀಚರುಗಳದು. "ಮೂರು ವಾರ ಒಂದು ಮಾತೂ ಆಡಬಾರದು. ಪಿಸುಮಾತು ಕೂಡ ಇಲ್ಲ. ಆಮೇಲೆ ನಾನು ಹೇಳೋವರೆಗೆ ಕಿರುಚೋ ಹಾಗಿಲ್ಲ."

"ಆಮೇಲಾದರೂ ಸರಿಹೋಗುತ್ತಾ?" ಅಮ್ಮ ಕೇಳಿದರು.

"ಹೋಗಬಹುದು. ಹೋಗದೇನೂ ಇರಬಹುದು." ಸುಳ್ಳು ಧೈರ್ಯ ಹೇಳುವುದು ಅವಳ ಜಾಯಮಾನವಲ್ಲ.

ಅವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದು ಅವಳತ್ತ ತಿರುಗಿಸಿದ. *ಪೆನ್ನು ಮೇಜಿನ ಕೆಳಗಿದೆ. ಕ್ಷಮಿಸಿ.*

*

ಕಿರುಚಿ ಹಾಡುವ ಮೆಟಲ್ ಸಂಗೀತದ ಅವನ ಬ್ಯಾಂಡಿನ ಹೆಸರು 'ಕಬ್ಬಿಣದ ಕಡಲೆ'. ಗೆಳೆಯರು ಅವನನ್ನು ಕರೆಯುತ್ತಿದ್ದುದು ಸಿಡಿಲು ಎಂದು. ಅವನ ತಂಗಿ ಬೇಸ್ ಗಿಟಾರು ನುಡಿಸುತ್ತಿದ್ದಳು, ಮೊಬೈಲ್ ರಿಪೇರಿ ಅಂಗಡಿಯವನು ಗಿಟಾರು, ಶಾಲಾ ಬಸ್ ಓಡಿಸುವವನು ಡ್ರಮ್ಸ್. ಎಂಟು ವರ್ಷದ ಕೆಳಗೆ, ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದರ ಗೋಡೆಗೆ, ಸದ್ದು ಹೊರಹೋಗದಂತೆ ಹಳೆ ಹಾಸಿಗೆಗಳನ್ನು ಹೊಡೆದು ಶುರುಮಾಡಿದ್ದರು. ಮೊದಲೆರಡು ವರ್ಷ ಕಂಡವರ ಹಾಡು. ಆಮೇಲೆ ತಮ್ಮದೇ ಮಾತು, ತಮ್ಮದೇ ರಾಗ, ತಾವೇ ರೆಕಾರ್ಡ್ ಮಾಡಿ ತಾವೇ ಹಂಚಿದ ಒಂದು ಆಲ್ಬಮ್. ಎರಡನೆಯದು ಅರ್ಧಕ್ಕೆ ನಿಂತಿತ್ತು, ಅವನ ಗಂಟಲಿನ ಜೊತೆಗೆ.

ಇದೆಲ್ಲ ಅವಳಿಗೆ ತಿಳಿದದ್ದು ಆ ಪುಟ್ಟ ಪುಸ್ತಕದಿಂದ. ಪ್ರತಿ ಮಂಗಳವಾರ ಹತ್ತು ಗಂಟೆಗೆ ಬರುತ್ತಿದ್ದ, ಬರೆಯುತ್ತಿದ್ದ. ಬಾಯಿ ಕಟ್ಟಿದವನ ಕಣ್ಣು ಇಷ್ಟು ವಾಚಾಳಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನಗು ಬಂದರೆ ಮೊದಲು ಎಡಗಣ್ಣು ಕಿರಿದಾಗುತ್ತಿತ್ತು, ಆಮೇಲೆ ತುಟಿ. ಅವಳು ಎಡಗಣ್ಣಿಗೇ ಕಾಯತೊಡಗಿದ್ದಳು.

"ಏನೇ, ಇವತ್ತು ಮಂಗಳವಾರನಾ?" ಎಂದರು ಕ್ಲಿನಿಕ್ಕಿನ ಹಿರಿಯ ಥೆರಪಿಸ್ಟ್. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಅವರಿಗೆ ಕಣ್ಣಿಗಿಂತ ಕನ್ನಡಕ ಚುರುಕು. "ಹೊಸ ಓಲೆ ಹಾಕಿದೀಯಲ್ಲ, ಅದಕ್ಕೇ ಕೇಳಿದೆ."

"ಹಳೇದು ಮುರಿದಿತ್ತು."

"ಹ್ಞೂಂ. ಹೋದ ಮಂಗಳವಾರನೂ ಒಂದು ಮುರಿದಿತ್ತು."

ನಾಲ್ಕನೆಯ ವಾರ ಅವನು ಮಾತಾಡಿದ. ಮೊದಲ ಮಾತು, "ನಮಸ್ಕಾರ ಮೇಡಂ." ದನಿ ತೆಳ್ಳಗಿತ್ತು, ಜ್ವರ ಬಿಟ್ಟೆದ್ದವನ ನಡಿಗೆಯ ಹಾಗೆ. ಅವಳು ಏನನ್ನೋ ಬರೆದುಕೊಳ್ಳುವವಳಂತೆ ತಲೆ ತಗ್ಗಿಸಿದಳು. ಕಾಗದದ ಮೇಲೆ ಬರೀ ಗೀಟು ಎಳೆದಿದ್ದಳು.

ಕಿರುಚಾಟದ ವಿದ್ಯೆ ಅವಳ ಪಠ್ಯದಲ್ಲಿರಲಿಲ್ಲ. ರಜೆಯ ದಿನವೆಲ್ಲ ಕೂತು ವೀಡಿಯೊ ನೋಡಿದಳು, ಓದಿದಳು. ಅಸಲಿ ತಂತುಗಳಿಗೆ ನೋವಾಗದಂತೆ, ಅವುಗಳ ಮೇಲಿನ ಮಡಿಕೆಗಳಿಂದ ಗರ್ಜಿಸಬಹುದು ಎಂಬುದನ್ನು ಕಲಿತು ಅವನಿಗೆ ಕಲಿಸಿದಳು.

"ನೀವೊಂದ್ಸಲ ಮಾಡಿ ತೋರಿಸಿ" ಎಂದ.

"ನಾನಾ?"

"ಮೇಷ್ಟ್ರು ಮಾಡಿ ತೋರಿಸಿದ್ರೆ ತಾನೇ ಮಕ್ಕಳು ಕಲಿಯೋದು?"

ಅವಳು ಬಾಗಿಲು ಹಾಕಿ ಬಂದು, ಹೊಟ್ಟೆ ಒಳಗೆಳೆದು, ಗರ್ಜಿಸಿದಳು. ಹಾಲು ಕೇಳುವ ಬೆಕ್ಕಿನ ಮರಿಯ ಸದ್ದು ಬಂತು. ಅವನು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಅವಳ ಮುಖವನ್ನೇ ನೋಡಿದ. ನಗು ನಿಂತಮೇಲೂ ನೋಟ ನಿಲ್ಲಲಿಲ್ಲ. ಅವಳೇ ಎದ್ದು ಕಿಟಕಿ ತೆರೆದಳು.

*

ಗುರುವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಗುಂಪಾಗಿ ಗುನುಗುವುದಿತ್ತು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಲ್ಲಿ ಕೆಲವರಿಗೆ ಹಾಡು ಮಾತ್ರ ಹೇಗೋ ಉಳಿದಿರುತ್ತದೆ. ರಾಗದ ಬೆನ್ನು ಹತ್ತಿಸಿ ಮಾತನ್ನು ಮರಳಿ ಕರೆತರುವುದು ಅವಳ ಕೆಲಸ. ಆರು ಜನ ಮುದುಕ ಮುದುಕಿಯರು, ಅವರಲ್ಲಿ ಹೆಡ್ ಮೇಷ್ಟ್ರೂ ಒಬ್ಬರು. ಗಂಟಲು ಸಡಿಲಿಸಲು ಅವನನ್ನೂ ಅಲ್ಲಿ ಕೂರಿಸಿದಳು.

ಮೂರನೆಯ ಗುರುವಾರ ಅವನು ತಂಗಿಯನ್ನು ಕರೆತಂದ. ಆರು ಒಡೆದ ಕೊರಳುಗಳು ಒಂದೇ ಸ್ವರದ ಮೇಲೆ, ಒಬ್ಬರ ಹಿಂದೊಬ್ಬರು ತಡವಾಗಿ ಬಂದು ಸೇರುವುದನ್ನು ಆ ಹುಡುಗಿ ಕಣ್ಣುಮುಚ್ಚಿ ಕೇಳಿದಳು. "ಅಣ್ಣ, ಇದರ ಕೆಳಗೆ ನನ್ನ ಬೇಸ್ ಇಟ್ಟರೆ?" ಎಂದಳು.

ಐಸ್ ಫ್ಯಾಕ್ಟರಿಯಲ್ಲಿ ಅದಕ್ಕೆ ಜಗಳವೇ ಆಯಿತು. ಸದ್ದಿನ ಮಟ್ಟ ಅಳೆಯಲೆಂದು ಹೋಗಿದ್ದ ಅವಳ ಎದುರಿಗೇ.

"ಗುನುಗೋಕೆ ಮೆಟಲ್ ಯಾಕೋ ಬೇಕು?" ಗಿಟಾರಿನವನು ಕೆರಳಿದ. "ಎಂಟು ವರ್ಷ ಬೆವರು ಸುರಿಸಿದ್ದು ಜೋಗುಳ ಹಾಡೋಕಾ? ನಮ್ಮನ್ನ ಕೇಳೋರು ಐವತ್ತು ಜನ, ಅವರೂ ಎದ್ದು ಹೋಗ್ತಾರೆ."

"ನೀನು ನುಡಿಸೋದ್ರಲ್ಲಿ ಏನೂ ಕಮ್ಮಿ ಮಾಡಬೇಡ" ಎಂದ ಸಿಡಿಲು, ತೆಳ್ಳಗೆ. "ಅವರು ಉಸಿರು ತಗೊಳ್ಳೋ ಜಾಗದಲ್ಲಿ ಮಾತ್ರ ಹೊಡಿ. ಉಳಿದ ಕಡೆ ಸುಮ್ಮನಿರು."

"ಸುಮ್ಮನಿರೋಕೆ ಬಂದರೆ ನಾನ್ಯಾಕೆ ಗಿಟಾರ್ ಹಿಡೀತಿದ್ದೆ!"

ಡ್ರಮ್ಮಿನವನು ಯಾವ ಪಕ್ಷವನ್ನೂ ವಹಿಸದೆ, ತಂಗಿ ಮೊಬೈಲಿನಲ್ಲಿ ತುಂಬಿಕೊಂಡು ಬಂದಿದ್ದ ಮೇಷ್ಟ್ರ ಗುಂಪಿನ ಗುನುಗು ಹಾಕಿ ಅದರ ಹಿಂದೆ ನಿಧಾನವಾಗಿ ಬಾರಿಸತೊಡಗಿದ. ತಂಗಿ ಸೇರಿಕೊಂಡಳು. ಗಿಟಾರಿನವನು ಕೈಕಟ್ಟಿ ನಿಂತ. ಆಮೇಲೆ ಕಾಲು ಕುಣಿಯತೊಡಗಿತು. ಕೊನೆಗೆ ತಡೆಯಲಾರದೆ, ಆ ಉಸಿರಿನ ಸಂದಿಯಲ್ಲಿ ಒಂದೇ ಒಂದು ಸಲ ಹೊಡೆದ. ಹಾಸಿಗೆ ಹೊಡೆದ ಗೋಡೆ ನಡುಗಿತು. ಅವಳ ತೋಳಿನ ಕೂದಲು ನಿಮಿರಿ ನಿಂತವು.

"ಇನ್ನೊಂದ್ಸಲ" ಎಂದ ಗಿಟಾರಿನವನು, ಯಾರ ಮುಖವನ್ನೂ ನೋಡದೆ.

ಸದ್ದು ಅಳೆಯುವ ಯಂತ್ರವನ್ನು ಅವಳು ಚಾಲೂ ಮಾಡುವುದನ್ನೇ ಮರೆತಿದ್ದಳು. ಸಿಡಿಲು ಅದನ್ನು ನೋಡಿದ. ಎಡಗಣ್ಣು ಕಿರಿದಾಯಿತು.

ಅವತ್ತೇ ಅವಳಿಗೆ ಖಾತ್ರಿಯಾಯಿತು. ಮನೆಗೆ ಹೋಗಿ ಯೋಚಿಸಿದಳು. ಮರುದಿನ ದೊಡ್ಡಮ್ಮನ ಮೇಜಿನ ಮೇಲೆ ಅವನ ಫೈಲು ಇಟ್ಟಳು. ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿ, "ಕಾರಣ ಬರೀಬೇಕಲ್ಲ" ಎಂದರು. ಅವಳ ಕೈ ಓಲೆಗೆ ಹೋಯಿತು. ಅವರೇ 'ಸಮಯದ ಅಭಾವ' ಎಂದು ಬರೆದುಕೊಂಡರು.

*

ಅವನಿಗೆ ಹೇಳಿದ್ದು ಇಷ್ಟೇ: ಇನ್ನು ಮೇಲೆ ಗುರುವಾರದ ಗುಂಪೂ ಸೇರಿ ಎಲ್ಲ ದೊಡ್ಡಮ್ಮ ನೋಡುತ್ತಾರೆ. ಅವನು ಯಾಕೆಂದು ಕೇಳಲಿಲ್ಲ. "ಸರಿ ಮೇಡಂ" ಎಂದು ಹೊರಟ. ಎರಡು ತಿಂಗಳು ಅವನು ಅದೇ ಕಾರಿಡಾರಿನಲ್ಲಿ ಹಾದುಹೋದ, ಪಕ್ಕದ ಬಾಗಿಲಿಗೆ. ಗೋಡೆಯಾಚೆಯಿಂದ ಅವನ ದನಿ ವಾರ ವಾರಕ್ಕೂ ತುಂಬಿಕೊಳ್ಳುವುದು ಕೇಳುತ್ತಿತ್ತು. ಕೇಳುತ್ತ ಕೂತು ಅವಳು ಬೇರೆಯವರಿಗೆ ಪಾಠ ಹೇಳಿದಳು.

ಒಂದು ಮಧ್ಯಾಹ್ನ ಅವನ ತಂಗಿ ನುಗ್ಗಿಬಂದಳು. "ಅಕ್ಕ, ನಮ್ಮಣ್ಣ ನಿಮಗೇನು ಮಾಡಿದ? ಕಿರುಚಿದ್ರೆ ಹಿಂಸೆ ಅಂತಿದ್ದ ನಮ್ಮಮ್ಮನೇ ಈಗ ಸ್ವಲ್ಪ ಕಿರುಚೋ ಅಂತ ಬೇಡ್ಕೋತಿದಾರೆ. ಅಷ್ಟು ಸಪ್ಪಗಿದಾನೆ. ನೀವು ಬೇಸತ್ತು ಕೈಬಿಟ್ರಿ ಅಂದ್ಕೊಂಡಿದಾನೆ."

"ಬೇಸತ್ತು?" ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ನಾನೇ ಬಂದು ಹೇಳ್ತೀನಿ. ಅವರ ಚಿಕಿತ್ಸೆ ಮುಗೀಲಿ."

ಅದು ಮುಗಿದ ವಾರದ ಭಾನುವಾರ ಅವರ ಕಾರ್ಯಕ್ರಮವಿತ್ತು, ಸಂಜೆ ನಾಲ್ಕಕ್ಕೆ. ಐವತ್ತರ ಬದಲು ಇನ್ನೂರು ಜನ ಬಂದಿದ್ದರು. ಅರ್ಧ ಕಪ್ಪು ಟೀಶರ್ಟಿನವರು, ಅರ್ಧ ಮೇಷ್ಟ್ರ ಹಳೆಯ ಶಿಷ್ಯರು. ಆರು ಮುದಿಕೊರಳುಗಳು ಕುರ್ಚಿಯ ಮೇಲೆ ಕೂತು ಗುನುಗಿದವು. ಗಿಟಾರು ಕಾದು ಕಾದು ಹೊಡೆಯಿತು. ಸಿಡಿಲು ಮೆಲ್ಲಗೆ, ಪಕ್ಕದಲ್ಲಿ ಕೂತವರೊಡನೆ ಮಾತಾಡುವ ಹಾಗೆ ಹಾಡುತ್ತ ಬಂದು, ಕೊನೆಯ ಸಾಲಿಗೆ ಎದೆ ತೆರೆದು ಗರ್ಜಿಸಿದ. ಒಂದೂ ಬಿರುಕಿಲ್ಲದ ಗರ್ಜನೆ. ಹಿಂದಿನ ಸಾಲಿನಲ್ಲಿ ಅವಳು ಉಗುರು ಅಂಗೈಗೆ ಊರಿಕೊಂಡು ನಿಂತಿದ್ದಳು. ಅದು ಮುಗಿದಮೇಲೆ ಉಸಿರಾಡಿದಳು.

ವೇದಿಕೆಯ ಹಿಂದಿನ ಬಾಗಿಲಲ್ಲಿ ಕಾವಲುಗಾರ ತಡೆದ. "ಮನೆಯವರಿಗೆ ಮಾತ್ರ ಅಮ್ಮ. ಆ ಹಾಡೋರಿಗೆ ನೀವೇನಾಗ್ಬೇಕು?"

ಮೂರು ತಿಂಗಳ ಹಿಂದಾಗಿದ್ದರೆ ಥೆರಪಿಸ್ಟ್ ಎನ್ನಬಹುದಿತ್ತು. "ಸದ್ಯಕ್ಕೆ ಏನೂ ಅಲ್ಲ" ಎಂದಳು.

"ಹಾಗಾದರೆ ಸದ್ಯಕ್ಕೆ ಇಲ್ಲೇ ನಿಂತಿರಿ."

ಒಳಗಿನಿಂದ ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಬಂದ ಸಿಡಿಲು ಅವಳನ್ನು ನೋಡಿ ಅಲ್ಲೇ ನಿಂತ. ನಡುವೆ ಕಾವಲುಗಾರ.

"ಚೆನ್ನಾಗಿತ್ತು" ಎಂದಳು. "ಗಂಟಲು ನೋವಿದೆಯಾ?"

"ಅದನ್ನ ದೊಡ್ಡಮ್ಮ ಕೇಳಬೇಕು. ನೀವು ಬಿಟ್ಟುಬಿಟ್ರಲ್ಲ." ದನಿ ಗಟ್ಟಿಯಿತ್ತು, ನೋಟ ಅಷ್ಟು ಗಟ್ಟಿಯಿರಲಿಲ್ಲ. "ಯಾಕೆ?"

"ಪೇಷಂಟ್ ಬಗ್ಗೆ ಹಾಗೆಲ್ಲ ಯೋಚನೆ ಮಾಡಬಾರದು ಅಂತ ನಿಯಮ ಇದೆ."

"ಹೇಗೆಲ್ಲ?"

ಅವಳು ಕಾವಲುಗಾರನ ಕಡೆ ನೋಡಿದಳು. ಅವನು ಛಾವಣಿ ನೋಡುತ್ತ ನಿಂತ, ಕಿವಿ ಮಾತ್ರ ಇತ್ತಲೇ.

"ಮಂಗಳವಾರಕ್ಕೆ ಅಂತ ಓಲೆ ಕೊಳ್ಳೋ ಹಾಗೆ" ಎಂದಳು. "ನಿಮ್ಮ ದನಿ ವಾಪಸ್ ಬರಲಿಲ್ಲ ಅಂದ್ರೂ ನೀವು ಬರ್ತಾ ಇರಲಿ ಅಂದುಕೊಳ್ಳೋ ಹಾಗೆ. ಅಂಥವಳು ನಿಮಗೆ ಚಿಕಿತ್ಸೆ ಕೊಡಬಾರದಲ್ಲ. ಅದಕ್ಕೇ ಬಿಟ್ಟೆ. ನಿಮ್ಮನ್ನಲ್ಲ, ಫೈಲನ್ನ."

ಇನ್ನೂರು ಜನರ ಎದುರು ಗರ್ಜಿಸಿ ಬಂದವನು ಕಿವಿ ಕೆಂಪಾಗಿ, ಟವೆಲನ್ನು ಹಿಂಡುತ್ತ ನಿಂತ.

"ಇವರನ್ನ ಒಳಗೆ ಬಿಡಿ" ಎಂದ ಕೊನೆಗೆ, ಕಾವಲುಗಾರನಿಗೆ.

"ಬಿಡ್ತೀನಿ ಸ್ವಾಮಿ. ಇವರು ನಿಮಗೆ ಏನಾಗ್ಬೇಕು ಅಂತ ಹೇಳಿಬಿಡಿ."

ಸಿಡಿಲು ಅವಳ ಮುಖವನ್ನೇ ನೋಡಿದ. "ಏನಾಗ್ತೀರಿ?" ಎಂದು ಮೆಲ್ಲಗೆ ಕೇಳಿದ.

ಅವಳು ಕಾವಲುಗಾರನ ಪಕ್ಕದಿಂದ ನುಸುಳಿ ಮುಂದೆ ಬಂದು, ಅವನ ಕೈಯಿಂದ ಒದ್ದೆ ಟವೆಲು ತೆಗೆದುಕೊಂಡು, ಅವನ ಹಣೆಯ ಬೆವರು ಒರೆಸಿದಳು.

"ಸರಿ, ಗೊತ್ತಾಯ್ತು" ಎಂದ ಕಾವಲುಗಾರ, ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುತ್ತ.