ನನ್ನ ಜಾಗಕ್ಕೆ ಬಂದವಳು

ಭೀಮರಾಜನ ಎಡಗೈಯ ನರ ನನ್ನದು. ಹಾಗಂತ ಎಲ್ಲೂ ಬರೆದಿಟ್ಟಿಲ್ಲ, ಆದರೆ ಕೋಲಾರದ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ರಕ್ತ ತೆಗೆಯುವುದನ್ನು ನಾವು ಒಬ್ಬರ ಕೈ ಮೇಲೆ ಒಬ್ಬರು ಕಲಿಯುತ್ತೇವೆ. ಮೊದಲ ಸಲ ನಾನು ಸಿರಿಂಜ್ ಹಿಡಿದು ಹಿಂದೆಮುಂದೆ ನೋಡುತ್ತಿದ್ದಾಗ, ಶರ್ಟಿನ ತೋಳು ಮೇಲೇರಿಸಿಕೊಂಡು ಎದುರು ಬಂದು ಕೂತವನು ಅವನು.

"ಚುಚ್ಚೇ ತ್ರಿವೇಣಿ, ಪ್ರಾಣ ಏನೂ ಹೋಗಲ್ಲ."

ತಪ್ಪಾಗಿ ಚುಚ್ಚಿದೆ. ಮತ್ತೆ ಚುಚ್ಚಿದೆ. ಅವನು ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದ. ಸೂಜಿ ನೋಡೋ ಅಂದರೆ, "ಸೂಜಿಗಿಂತ ನಿನ್ನ ಮೂಗೇ ಚೂಪಾಗಿದೆ, ಅದನ್ನ ನೋಡ್ತಿದ್ದೀನಿ" ಅಂದ. ಅವತ್ತಿನಿಂದ ಆ ಕೈಗೆ ಬೇರೆ ಯಾರೂ ಸಿರಿಂಜ್ ಹಾಕಿರಲಿಲ್ಲ. ಹಾಕಲು ನಾನು ಬಿಟ್ಟಿರಲಿಲ್ಲ.

ಎಲೀನಾ ಬರುವವರೆಗೆ.

ಫಿನ್ಲೆಂಡಿನ ಒಂದು ಕಾಲೇಜಿಗೂ ನಮ್ಮ ಕಾಲೇಜಿಗೂ ಒಂದು ತಿಂಗಳ ಮಟ್ಟಿಗೆ ವಿದ್ಯಾರ್ಥಿಗಳ ಅದಲುಬದಲು. ಇಲ್ಲಿಂದ ಆಯ್ಕೆಯಾದವಳು ನಾನು. ನಮ್ಮೂರು ವಕ್ಕಲೇರಿಯ ಡೈರಿಗೆ ಹಾಲು ಹಾಕಲು ಬರುವವರಿಗೆಲ್ಲ ಅಪ್ಪ ನನ್ನ ಪಾಸ್‌ಪೋರ್ಟಿನ ಫೋಟೊ ತೋರಿಸಿ ಆಗಿತ್ತು. ನಾನು ಹೊರಡುವುದು ಮುಂದಿನ ವಾರ. ಎಲೀನಾ ಮೊದಲೇ ಬಂದಿಳಿದಳು.

"ನಿನ್ನ ಜಾಗಕ್ಕೆ ಬಂದಿದ್ದಾಳೆ" ಎಂದು ಶಾಮಲಮ್ಮ ಮೇಡಂ ಪರಿಚಯ ಮಾಡಿಸಿದರು. ಅವರು ಹೇಳಿದ್ದು ಕ್ಲಾಸಿನ ಜಾಗ. ಹೋದದ್ದು ಕಾಲೇಜು ಬಸ್ಸಿನಲ್ಲಿ ಭೀಮರಾಜನ ಪಕ್ಕದ ಸೀಟು. ಅವನಿಗೆ ಇಂಗ್ಲಿಷ್ ಬರುತ್ತದೆ, ಶ್ರೀನಿವಾಸಪುರದವನಾದ್ದರಿಂದ ತೆಲುಗೂ ಬರುತ್ತದೆ, ಅವಳ ಜೊತೆ ಅವನೇ ಇರಲಿ ಎಂದು ಮೇಡಂ ತೀರ್ಮಾನಿಸಿದ್ದರು. ನನಗೂ ಎರಡೂ ಬರುತ್ತವೆ. ನನ್ನನ್ನು ಯಾರೂ ಕೇಳಲಿಲ್ಲ.

ಗುರುವಾರ ಮಾಲೂರಿನ ಆಚೆ ಒಂದು ಇಟ್ಟಿಗೆ ಗೂಡಿನಲ್ಲಿ ನಮ್ಮ ರಕ್ತ ತಪಾಸಣೆಯ ಕ್ಯಾಂಪ್. ಅಲ್ಲಿ ಇಟ್ಟಿಗೆ ಹೊರುವ ಹೆಂಗಸರು ಆಂಧ್ರದ ಕಡೆಯವರು. ಬಿಳಿ ಹುಡುಗಿಯ ಕೈಯಲ್ಲಿ ಸಿರಿಂಜ್ ನೋಡಿ ಹಿಂದೆ ಸರಿದರು.

"ನೊಪ್ಪಿ ಪುಡ್ತುಂದಾ ಸಾರ್?" ನೋವಾಗುತ್ತಾ ಎಂದು ಒಬ್ಬ ಅಜ್ಜಿ ಭೀಮರಾಜನನ್ನು ಕೇಳಿದಳು.

ಆಗಲ್ಲ ಎಂದು ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಈ ಮಹಾಶಯ ತೋಳು ಮೇಲೇರಿಸಿ ಎಲೀನಾಳ ಮುಂದೆ ಕೈ ಚಾಚಿದ. ಎಡಗೈ!

ಅವಳು ಒಂದೇ ಸಲಕ್ಕೆ ನರ ಹಿಡಿದಳು. ಹೆಂಗಸರು ನಕ್ಕು ಸಾಲಾಗಿ ನಿಂತರು. ಹತ್ತಿ ಕೊಡುವುದು ನನ್ನ ಕೆಲಸ. ನಾನು ಅದನ್ನು ಒತ್ತಿದ ರಭಸಕ್ಕೆ ಅವನು "ಅಮ್ಮಾ" ಎಂದ.

"ಸೂಜಿ ನೋಯಲಿಲ್ಲ, ಹತ್ತಿ ನೋಯ್ತು ಕಣೇ!"

"ಫಾರಿನ್ ಸೂಜಿ ಅಲ್ವಾ, ಬೆಣ್ಣೆ ಇದ್ದಂಗಿರುತ್ತೆ."

ಅವನು ತುಟಿ ಕಚ್ಚಿ ನಗು ತಡೆದದ್ದು ಕಂಡಿತು. ನನ್ನ ಮೈಯೆಲ್ಲ ಉರಿಯಿತು.

ಸ್ವಲ್ಪ ಹೊತ್ತಿಗೆ ಎಲೀನಾ ನನ್ನ ಹತ್ತಿರ ಬಂದಳು. ಇಲ್ಲಿ ಬರೀ ಹೆಸರು ಹಿಡಿದು ಕರೆದರೆ ಚೆನ್ನಾಗಿರುವುದಿಲ್ಲವಂತೆ, ಭೀಮರಾಜನನ್ನು ಏನೆಂದು ಕರೆಯಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪಾಪ, ಒಳ್ಳೆಯ ಹುಡುಗಿ. ಒಳ್ಳೆಯವಳಾಗಿದ್ದೇ ನನಗೆ ಇನ್ನಷ್ಟು ಸಿಟ್ಟು.

"ಭೀಮಣ್ಣ ಅನ್ನು. ತುಂಬಾ ಗೌರವದ ಮಾತು. ಒಂದು ಸಲ ಕರೆದರೆ ಜೀವನವಿಡೀ ಹಾಗೇ ಕರೆಯಬೇಕು" ಅಂದೆ.

"ಬೀಮಣ್ಣಾ, ವಾಟರ್!" ಎಂದು ಅವಳು ಕೂಗಿದಾಗ ನಮ್ಮ ಕ್ಲಾಸಿನ ಗಂಗಾಧರ್ ಕುಡಿಯುತ್ತಿದ್ದ ಟೀ ಉಗುಳಿದ. ಭೀಮರಾಜ ಅಷ್ಟು ದೂರದಿಂದ ನೇರ ನನ್ನ ಕಡೆ ನೋಡಿದ. ಒಂದು ಹುಬ್ಬು ಮಾತ್ರ ಮೇಲೇರಿತು. ನಾನು ಟ್ಯೂಬುಗಳಿಗೆ ಹೆಸರು ಅಂಟಿಸುವುದರಲ್ಲಿ ಮುಳುಗಿದಂತೆ ನಟಿಸಿದೆ.

ಆದರೆ ಊಟದ ಹೊತ್ತಿಗೆ ಹೊಂಗೆ ಮರದ ಕೆಳಗೆ ಇಬ್ಬರೂ ಒಂದೇ ಫೋನಿನ ಮೇಲೆ ಬಗ್ಗಿ ಕಿಲಕಿಲ ನಗುತ್ತಿದ್ದರು. ಅಣ್ಣ ಅಂದರೂ ಆ ತಲೆಗಳು ಒಂದಂಗುಲವೂ ದೂರವಾಗಿರಲಿಲ್ಲ. ಕೈಯಲ್ಲಿದ್ದ ಚಿತ್ರಾನ್ನದ ತಟ್ಟೆ ಕೆಳಗಿಟ್ಟೆ. ಇನ್ನು ಒಂದು ತಿಂಗಳು ನಾನು ಆ ತಣ್ಣನೆಯ ದೇಶದಲ್ಲಿ, ಇವರಿಬ್ಬರು ಹೀಗೆ ಇಲ್ಲಿ. ಸೀದಾ ಎದ್ದು ಹೋದೆ.

"ಮೇಡಂ, ನಾನು ಫಿನ್ಲೆಂಡಿಗೆ ಹೋಗಲ್ಲ."

ಶಾಮಲಮ್ಮ ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಲ್ಲಿಂದ ಹೊರಡೋ ಮುಂಚೆ ಆಫೀಸಿಗೆ ಫೋನ್ ಮಾಡಿ ಹೇಳ್ತೀನಿ. ಆಮೇಲೆ ಮನಸ್ಸು ಬದಲಾಯಿಸಿದ್ರೆ ಆಗಲ್ಲಮ್ಮ, ಸೀಟು ಬೇರೆಯವ್ರಿಗೆ ಹೋಗುತ್ತೆ."

"ಹೋಗಲಿ" ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಅಪ್ಪನ ಮುಖ ನೆನಪಾಗಿ ಕಣ್ಣು ತುಂಬಿತು. ಪೇರಿಸಿಟ್ಟ ಇಟ್ಟಿಗೆಯ ಹಿಂದೆ ಹೋಗಿ ನಿಂತೆ.

ಭೀಮರಾಜ ಓಡಿಬಂದ. "ಲೇ, ಹೋಗಲ್ಲ ಅಂದ್ಯಂತೆ! ಏನಾಗಿದೆ ನಿಂಗೆ?"

"ಹೊಟ್ಟೆ ನೋವು."

"ನೋವಲ್ಲ ಕಣೇ ಅದು, ಉರಿ."

"ನಂಗ್ಯಾಕೆ ಉರಿ? ನಿನ್ನ ತಂಗಿ ಕಾಯ್ತಿದ್ದಾಳೆ, ಹೋಗು."

"ತಂಗಿ ಮಾಡಿದ್ದು ಯಾರು?" ಎಂದು ನಕ್ಕ. ನಾನು ನಗಲಿಲ್ಲ. ಅವನ ನಗುವೂ ಆರಿತು. "ನೀನು ಸೆಲೆಕ್ಟ್ ಆದಾಗಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ ತ್ರಿವೇಣಿ. ಅಲ್ಲಿ ನಿನ್ನ ಪಾರ್ಟ್ನರ್ ಒಬ್ಬ ಹುಡುಗನಂತೆ. ಮಿಕ್ಕೋ ಅಂತ. ಎಲೀನಾ ಹತ್ರ ಅವನ ಬಗ್ಗೆನೇ ಕೇಳ್ತಿದ್ದೆ. ಎಂಥವ್ನು, ಏನ್ ಕಥೆ ಅಂತ."

"ಕೇಳಿ ಏನ್ ಮಾಡ್ದೆ?"

ಅವನ ಕಿವಿ ಕೆಂಪಾಯಿತು. ಫೋನ್ ತೆಗೆದು ಒಂದು ವಿಡಿಯೊ ತೋರಿಸಿದ. ಬಾಗಿಲೆತ್ತರದ, ಹೊಂಬಣ್ಣದ ಕೂದಲಿನವನೊಬ್ಬ ಕೈ ಮುಗಿದು, ನಾಲಿಗೆ ಹೊರಳಿಸಲು ಕಷ್ಟಪಡುತ್ತಾ ಹೇಳಿದ: "ನಮಸ್ಕಾರ, ತ್ರಿವೇಣಕ್ಕ."

"ಅಕ್ಕ?"

"ನೀನು ಅಣ್ಣ ಅಂತ ಹೇಳ್ಕೊಟ್ಟೆಯಲ್ಲ, ಆಗ್ಲೇ ಐಡಿಯಾ ಬಂತು. ತುಂಬಾ ಗೌರವದ ಮಾತು, ತಪ್ಪದೆ ಕರೀಬೇಕು ಅಂತ ಎಲೀನಾ ಕೈಲಿ ಅವನಿಗೆ ಹೇಳಿಸಿದ್ದೀನಿ."

ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ನಾನೊಬ್ಬಳೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದೆ. ಅವನಿಗೂ ಹೊಟ್ಟೆಕಿಚ್ಚು ಎಂದು ತಿಳಿದು ನನಗಾದ ಖುಷಿ ಅಷ್ಟಿಷ್ಟಲ್ಲ.

"ಅಷ್ಟಿದ್ದೋನು ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಹೋಗಲ್ಲ ಅಂತೀಯೇನೋ ಅಂತ ಭಯ. ನನ್ನಿಂದ ನೀನು ನಿಲ್ಲಬಾರ್ದು."

"ಹೇಳದೆ ಇದ್ದಿದ್ದಕ್ಕೇ ನಿಂತೆ ಕಣೋ!"

ಕೂಗಿಬಿಟ್ಟಿದ್ದೆ. ತಿರುಗಿ ನೋಡಿದರೆ ಇಟ್ಟಿಗೆ ಹೊರುವವರೆಲ್ಲ ಹೊರೆ ಇಳಿಸಿ ನಮ್ಮನ್ನೇ ನೋಡುತ್ತಿದ್ದರು. ಆ ಅಜ್ಜಿಗೆ ಭಾಷೆ ಎಷ್ಟು ಗೊತ್ತಾಯಿತೋ, ವಿಷಯವಂತೂ ಪೂರ್ತಿ ಗೊತ್ತಾಗಿತ್ತು.

"ಪೋಯಿ ರಾ ತಲ್ಲೀ. ವಾಡೆಕ್ಕಡಿಕೀ ಪೋಡು" ಅಂದಳು. ಹೋಗಿ ಬಾರಮ್ಮ, ಅವನೆಲ್ಲಿಗೂ ಹೋಗಲ್ಲ.

"ಅಜ್ಜಿ ಹೇಳಿದ್ದು ಕೇಳಿಸ್ತಾ?" ಎಂದ ಭೀಮರಾಜ.

"ಅಜ್ಜಿ ಹೇಳೋದು ಬೇಡ. ನೀನು ಹೇಳು."

ಅಷ್ಟೂ ಜನರ ಎದುರು, ನನ್ನ ಮುಖದಿಂದ ಕಣ್ಣು ಕೀಳದೆ ಅವನು ಹೇಳಿದ. "ನೀನಂದ್ರೆ ಪ್ರಾಣ ಕಣೇ. ಹೋಗಿ ಬಾ. ನಾನೆಲ್ಲಿಗೂ ಹೋಗಲ್ಲ."

ಬಸ್ಸಿನ ಹತ್ತಿರ ಶಾಮಲಮ್ಮ ಮೇಡಂ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದರು.

"ಮೇಡಂ, ಹೋಗ್ತೀನಿ! ನಾನೇ ಹೋಗ್ತೀನಿ!" ಎಂದು ಕೂಗುತ್ತಾ ಓಡಿದೆ.