ಹುಳದ ಮನೆಯಲ್ಲಿ ಬರೆದ ಎಲೆಗಳು

ನಲವತ್ನಾಲ್ಕನೇ ಇಸವಿಯ ಬೇಸಗೆಯಲ್ಲಿ ಹಿಪ್ಪುನೇರಳೆ ಎಲೆಗಳ ಚಿತ್ರ ಬರೆಯಲು ವಿಜಯಪುರದ ಪಕ್ಕದ ಹಳ್ಳಿಗೆ ಹೋಗಿದ್ದೆ. ಸಪ್ಪಲಮ್ಮ ಎಂಬ ಹೆಂಗಸು ತಮ್ಮ ರೇಷ್ಮೆಹುಳು ಸಾಕುವ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ತಾವು ಮಾತ್ರ ಹೊಸ್ತಿಲು ದಾಟಲಿಲ್ಲ. ಒಳಗೆ ಹುಳು ಮೇಯಿಸುವ ಬಿದಿರು ತಟ್ಟೆಗಳೆಲ್ಲ ಖಾಲಿ.

"ನನ್ನ ಮಗಳು ಪಿಳ್ಳಮ್ಮ ಉಸಿರು ಬಿಡೋವಾಗ್ಲೂ 'ಹುಳಕ್ಕೆ ಸೊಪ್ಪು ಹಾಕಮ್ಮಾ' ಅಂದ್ಳು. ಸೂತಕದೋರು ಹುಳದ ಮನೆಗೆ ಕಾಲಿಡಬಾರ್ದಲ್ಲಪ್ಪಾ. ಬೇರೆ ಯಾರೂ ಬರ್ಲಿಲ್ಲ. ಎಲ್ಲಾ ಹಸ್ಕೊಂಡೇ ಸತ್ತೋದ್ವು," ಎಂದರು.

ಮಧ್ಯಾಹ್ನ ಬಾಗಿಲ ಬೆಳಕಿನಲ್ಲಿ ಕೂತು ಒಂದು ಎಲೆಯನ್ನು ನರನರವೂ ಎದ್ದು ಕಾಣುವಂತೆ ಬರೆದೆ. ಹಸಿರು ತುಂಬುತ್ತಿದ್ದಾಗ ಬೆನ್ನ ಹಿಂದೆ ಸೋನೆಮಳೆಯಂಥ ಸದ್ದು ಕೇಳಿಸಿತು. ಹುಳುಗಳು ಸೊಪ್ಪು ಮೇಯುವ ಸದ್ದು. ತಿರುಗಿದರೆ ತಟ್ಟೆಗಳು ಖಾಲಿಯೇ ಇದ್ದವು. ಕುಂಚ ತೊಳೆದು ಬರುವಷ್ಟರಲ್ಲಿ ಚಿತ್ರದ ಎಲೆಯ ಅಂಚು ಕಚ್ಚಿ ತಿಂದಂತೆ ಬರಿದಾಗಿತ್ತು. ಕಾಗದಕ್ಕೆ ಮಾತ್ರ ಏನೂ ಆಗಿರಲಿಲ್ಲ. ಅಲ್ಲಿ ಬಣ್ಣವೇ ಸೋಕಿಲ್ಲವೆಂಬಂತೆ ಬೆಳ್ಳಗಿತ್ತು.

ಸಪ್ಪಲಮ್ಮ ಹೊಸ್ತಿಲಾಚೆಯಿಂದ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೊಂದೆಲೆ ಬರೀತೀರೇನಪ್ಪಾ? ಅವಕ್ಕೆ ಒಂದು ಸಾಲಲ್ಲ."

ಕತ್ತಲಾಗುವವರೆಗೂ ಬರೆದೆ. ಆ ಹಾಳೆಗಳು ಈಗಲೂ ನನ್ನ ಹತ್ತಿರವಿವೆ. ಒಂದರಲ್ಲೂ ಎಲೆಯಿಲ್ಲ. ತೊಟ್ಟು, ನರಗಳಷ್ಟೇ ಉಳಿದಿವೆ.